ಹಿಂಸೆ ಚಿತ್ರಕಥೆಗಾರರ ಕಲ್ಪನೆಯಲ್ಲ

'ಬ್ಲಡ್ ಡೈಮಂಡ್' (2006) ಚಿತ್ರ ಹಿಂಸೆಯನ್ನು ಹಿಗ್ಗಿಸಿ ತೋರಿಸಿದೆ, ವಜ್ರಗಳಿಗೆ ಪ್ರಮಾಣಪತ್ರ ನೀಡುವ ಕಿಂಬರ್ಲಿ ವ್ಯವಸ್ಥೆ ಬಂದ ಮೇಲೆ ಅದೆಲ್ಲ ಹಳೆಯ ಕಥೆ ಎಂದು ಆ ಚಿತ್ರದ ಕುರಿತ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಎರಡೂ ಮಾತು ತಪ್ಪು. ಚಿತ್ರ ತೋರಿಸುವ ಸಿಯೆರಾ ಲಿಯೋನ್‌ನ ಅಂತರ್ಯುದ್ಧದಲ್ಲಿ ಆರ್‌ಯುಎಫ್ ಬಂಡುಕೋರರು ಸಾವಿರಾರು ಅಮಾಯಕರ ಕೈಕಾಲು ಕಡಿದರು, ಎಳೆಯ ಮಕ್ಕಳಿಗೆ ಬಂದೂಕು ಹಿಡಿಸಿದರು. ವಜ್ರ ಪಡೆದು ಅವರಿಗೆ ನೆರವಾದ ಲೈಬೀರಿಯಾದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್‌ಗೆ 2012ರಲ್ಲಿ 50 ವರ್ಷ ಶಿಕ್ಷೆಯಾಯಿತು. ಇದರಲ್ಲಿ ಹಿಗ್ಗಿಸಿದ್ದೇನು?

ಚಿತ್ರದ ನಿಜವಾದ ದೋಷ ಬೇರೆ. ಮಗನಿಗಾಗಿ ಅಲೆಯುವ ಸಾಲೊಮನ್‌ನ ಸಂಕಟವೇ ಕಥೆಯ ಜೀವ. ಕ್ಯಾಮೆರಾ ಮಾತ್ರ ಬಿಳಿಯ ಕಳ್ಳಸಾಗಣೆದಾರನ ಮನಪರಿವರ್ತನೆಯತ್ತ ವಾಲುತ್ತದೆ.

ಇನ್ನು ಕಿಂಬರ್ಲಿ. ಅದರ ವ್ಯಾಖ್ಯೆಯಲ್ಲಿ ಬಂಡುಕೋರರ ವಜ್ರವಷ್ಟೇ ರಕ್ತವಜ್ರ. 2008ರಲ್ಲಿ ಜಿಂಬಾಬ್ವೆಯ ಮರಾಂಗೆಯಲ್ಲಿ ವಜ್ರ ಅಗೆಯುತ್ತಿದ್ದ ಬಡವರನ್ನು ಕೊಂದವರು ಬಂಡುಕೋರರಲ್ಲ, ಸರ್ಕಾರಿ ಸೈನಿಕರು. ರಫ್ತಿಗೆ ಕೆಲಕಾಲ ತಡೆ ಬಿದ್ದರೂ ಕೊನೆಗೆ ಅಲ್ಲಿನ ವಜ್ರಕ್ಕೂ ಪ್ರಮಾಣಪತ್ರ ಸಿಕ್ಕಿತು.