ಅಗಲ ಟೈರು, ನಮ್ಮೂರ ರಸ್ತೆ ಮತ್ತು ಹಳೇ ಐಕಾನ್

ಮೊನ್ನೆ ಹಡಗಲಿಯಿಂದ ಅಕ್ಕನ ಮಗ ಬಂದಿದ್ದ. ಸೆಕೆಂಡ್ ಹ್ಯಾಂಡಲ್ಲಿ ಹಳೇ ಹೋಂಡಾ ಸಿಟಿ ವಿಟೆಕ್ ತಗೊಂಡಿದ್ದಾನೆ. "ಮಾವ, ಹದಿನಾರು ಇಂಚಿನ ಅಲಾಯ್ ವೀಲು, 205ರ ಟೈರು ಹಾಕಿಸ್ತೀನಿ. ಗಾಡಿ ನೆಲ ಕಚ್ಕೊಂಡು ಹೋಗ್ತೈತೆ ನೋಡು" ಅಂದ. ನನಗೆ ನಗು ಬಂತು. ಇದೇ ಮಾತನ್ನು ಒಂದು ಕಾಲಕ್ಕೆ ನಾನೂ ಆಡಿದ್ದೆ!

ನನ್ನದು ಫೋರ್ಡ್ ಐಕಾನ್ 1.6. 1999ರಲ್ಲಿ ಬಂದಾಗ 'ಜೋಶ್ ಮಷೀನ್' ಅಂತ ಜಾಹೀರಾತು ಬರ್ತಿತ್ತಲ್ಲ, ಅದೇ. ನನ್ನ ಗಾಡಿಯಲ್ಲಿದ್ದದ್ದು 175/65 ಆರ್ 14 ಟೈರು. ಅಷ್ಟು ಜೋರಾಗಿ ಓಡುವ ಗಾಡಿಗೆ ಇಷ್ಟು ತೆಳ್ಳನೆ ಕಾಲೇ ಅನ್ನಿಸಿ 205/50 ಆರ್ 15 ಹಾಕಿಸಿದೆ. ವೀಲು ಸಿಗುವುದೇ ಕಷ್ಟ ಆಯ್ತು. ಬೇರೆ ಹಲವು ಕಾರುಗಳ ನಾಲ್ಕು ಬೋಲ್ಟ್ 100 ಮಿ.ಮೀ. ವೃತ್ತದಲ್ಲಿ ಕೂರುತ್ತವೆ, ಐಕಾನ್‌ದು 108. ಅಂಗಡಿಯಲ್ಲಿ ಕಂಡ ವೀಲೆಲ್ಲ ಇದಕ್ಕೆ ಕೂರಲ್ಲ.

ಸುಳ್ಳು ಹೇಳಬಾರದು, ಕೂಡ್ಲಿಗಿ ಮೇಲೆ ಹಾಯುವ ಹೆದ್ದಾರಿ 50ರಲ್ಲಿ (ಹಳೇ ಹೆದ್ದಾರಿ 13) ಗಾಡಿ ಚೆನ್ನಾಗೇ ಓಡಿತು. ತಿರುವಿನಲ್ಲಿ ಹಿಡಿತ ಜಾಸ್ತಿ ಆಗಿದ್ದು ನಿಜ. ಆದರೆ ನಾವು ದಿನಾ ಓಡಾಡೋದು ಹೆದ್ದಾರಿಯಲ್ಲಾ?

ಅವ್ವನ ಕಣ್ಣಿನ ಪೊರೆ ಆಪರೇಷನ್ ಮಾಡಿಸಿಕೊಂಡು ದಾವಣಗೆರೆಯಿಂದ ಕೊಟ್ಟೂರಿಗೆ ವಾಪಸ್ ಬರ್ತಿದ್ದೆ. ರಾತ್ರಿ. ಹರಪನಹಳ್ಳಿ ದಾಟಿದ ಮೇಲೆ ಒಂದು ಗುಂಡಿ... ಧಡ್ ಅಂತು. ಟೈರಿನ ಪಕ್ಕ ಸೀಳಿತ್ತು, ವೀಲು ಸೊಟ್ಟಗಾಗಿತ್ತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅವ್ವ ಕತ್ತಲಲ್ಲಿ ರಸ್ತೆ ಪಕ್ಕ ಕೂತಿದ್ದಳು. ಹಳೇ 175ರ ಸ್ಟೆಪ್ನಿ ಹಾಕಿ ನಲವತ್ತರ ಸ್ಪೀಡಲ್ಲಿ ಮನೆ ಮುಟ್ಟಿದೆವು. ಮರುದಿನ ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಎಲ್ಲಾ ಕಡೆ ಫೋನ್ ಮಾಡಿದೆ. ಆ ಸೈಜು ಯಾರ ಹತ್ತಿರವೂ ಇಲ್ಲ! ಅವ್ವ ಒಂದೇ ಮಾತು ಅಂದಳು: "ಚಂದಕ್ಕ ಹಾಕಿದ ಗಾಲಿ ಊರು ಮುಟ್ಟಿಸಲಿಲ್ಲ ನೋಡಪ್ಪ."

ಲೆಕ್ಕ ಸುಲಭ ಇದೆ. 175ರಲ್ಲಿ 65 ಪರ್ಸೆಂಟ್ ಅಂದರೆ ಟೈರಿನ ಪಕ್ಕದ ಎತ್ತರ ಸುಮಾರು 114 ಮಿ.ಮೀ. 205/50 ಆದರೆ 102. ನಮ್ಮ ಹುಡುಗ ಹೇಳೋ 205/45 ಆರ್ 16 ಆದರೆ ಬರೀ 92. ಗುಂಡಿಯ ಹೊಡೆತ ನುಂಗೋದು ಆ ರಬ್ಬರು ಮತ್ತು ಅದರೊಳಗಿನ ಗಾಳಿ. ಅದು ಕಮ್ಮಿ ಆದಷ್ಟೂ ಹೊಡೆತ ವೀಲಿಗೆ, ಸಸ್ಪೆನ್ಷನ್ನಿಗೆ, ಕೊನೆಗೆ ನಮ್ಮ ಸೊಂಟಕ್ಕೆ. ಇನ್ನೊಂದು ಮಾತು: ಅಷ್ಟೇ ಭಾರ, ಅಷ್ಟೇ ಗಾಳಿ ಇದ್ದರೆ ನೆಲ ಮುಟ್ಟುವ ಜಾಗ ಹೆಚ್ಚುಕಮ್ಮಿ ಅಷ್ಟೇ. ಅದರ ಆಕಾರ ಅಗಲ ಆಗಿ ಗಿಡ್ಡ ಆಗುತ್ತೆ. ಮಳೆನೀರು ನಿಂತ ಕಡೆ ಅಗಲ ಟೈರು ಬೇಗ ತೇಲುತ್ತೆ. ಸುಗ್ಗಿ ಬಂದರೆ ನಮ್ಮ ಕಡೆ ರಸ್ತೆ ತುಂಬ ಮೆಕ್ಕೆಜೋಳ, ಹುರುಳಿ ಹೊಟ್ಟು. ಕಾಳಿನ ಮೇಲೆ ಯಾವ ಟೈರಿಗೂ ಹಿಡಿತ ಇಲ್ಲ ಸ್ವಾಮಿ!

"ಹಂಗಾದ್ರೆ ಬಂಡಿಗೆ ಟೈರು ಹಾಕಿದ್ದು ತಪ್ಪಾ?" ಅಂತ ಹುಡುಗ ಕೇಳಿದ. ಒಳ್ಳೇ ಪ್ರಶ್ನೆ. ಮೈಲಾರ ಜಾತ್ರೆಗೆ ಬರುವ ಬಂಡಿಗಳನ್ನು ನೋಡಿ. ಕಟ್ಟಿಗೆ ಗಾಲಿಗೆ ಕಬ್ಬಿಣದ ಪಟ್ಟಿ ಹೊಡೆದಿದ್ದ ಬಂಡಿ ಎರೆಹೊಲದಲ್ಲಿ ಹೂತುಹೋಗ್ತಿತ್ತು. ಗಾಳಿ ತುಂಬಿದ ಅಗಲ ಟೈರು ಬಂದ ಮೇಲೆ ಎತ್ತಿಗೆ ಎಳೆಯೋದು ಹಗುರ ಆಯ್ತು. ಅಲ್ಲಿ ಅಗಲದ ಜೊತೆ ರಬ್ಬರೂ ಗಾಳಿಯೂ ಸಿಕ್ಕವು. ನಾವು ಕಾರಿಗೆ ಮಾಡೋದು ಉಲ್ಟಾ: ಅಗಲ ಕೊಟ್ಟು ಗಾಳಿ ಕಿತ್ಕೋತೀವಿ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸಬಾರದು ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅಪಘಾತ ಆದಾಗ ಇನ್ಶೂರೆನ್ಸಿನವರ ಜೊತೆ ವಾದ ಮಾಡುವ ಹೊತ್ತಿಗೆ ಇದು ನೆನಪಾದರೆ ಏನು ಪ್ರಯೋಜನ?

ನನ್ನ ಅಭಿಪ್ರಾಯ ಇಷ್ಟೇ. ಹಳೇ ಗಾಡಿಗೆ ದುಡ್ಡು ಹಾಕೋದಿದ್ದರೆ ಮೊದಲು ಶಾಕ್ ಅಬ್ಸಾರ್ಬರು, ಬುಶ್ಶು, ಬ್ರೇಕು, ಅಲೈನ್‌ಮೆಂಟು. ಆಮೇಲೆ ಕಂಪನಿ ಹೇಳಿದ ಸೈಜಿನಲ್ಲೇ ಒಳ್ಳೇ ಟೈರು. ಕೊಳ್ಳುವಾಗ ಪಕ್ಕದಲ್ಲಿರುವ ನಾಲ್ಕಂಕಿ ನೋಡಿ: 2324 ಅಂದರೆ 2024ರ 23ನೇ ವಾರ ತಯಾರಾದದ್ದು. ಅಂಗಡಿಯಲ್ಲಿ ಹಳೆಯದಾದ ಟೈರು ಬೇಡ.

ನಾನು ಈಗ ಮತ್ತೆ 175ಕ್ಕೇ ಬಂದಿದ್ದೇನೆ. ಆ ಅಲಾಯ್ ವೀಲುಗಳು ಅಟ್ಟದ ಮೇಲಿವೆ, ಸೊಟ್ಟಗಾದದ್ದೂ ಸೇರಿ. ಹುಡುಗನಿಗೆ ಅದನ್ನೇ ಇಳಿಸಿ ತೋರಿಸಿದೆ. ಸ್ವಲ್ಪ ಹೊತ್ತು ಕೈಯಾಡಿಸಿ ನೋಡಿದ. "ಯೋಚನೆ ಮಾಡ್ತೀನಿ ಮಾವ" ಅಂದ. ಮಾಡ್ತಾನೋ ಇಲ್ವೋ... ನಾನು ಆಗ ಯಾರ ಮಾತು ಕೇಳಿದ್ದೆ ಹೇಳಿ! :)