ಮುಳುಗಿದ ಊರಿನ ಬಡ್ಡಿ

ಎರಡು ಎಕರೆ ಒಣಭೂಮಿಯ ರೈತ ಸೊಸೈಟಿಗೆ ಹೋಗಿ ಸಾಲ ಕೇಳಿದರೆ ಪಹಣಿ ತಾ, ಜಾಮೀನುದಾರರನ್ನು ಕರೆದು ತಾ, ಹಳೇ ಬಾಕಿ ಇಲ್ಲವೆಂದು ಬರೆಸಿಕೊಂಡು ಬಾ ಎನ್ನುತ್ತಾರೆ. 1978ರಲ್ಲಿ ಗ್ವಾಟೆಮಾಲಾದ ಜನರಲ್‌ಗಳು ಚಿಶೋಯ್ ನದಿಗೆ ಅಣೆಕಟ್ಟು ಕಟ್ಟುತ್ತೇವೆಂದು ಕೈಚಾಚಿದಾಗ ವಿಶ್ವಬ್ಯಾಂಕ್ 7.2 ಕೋಟಿ ಡಾಲರ್ ಸಾಲ ಕೊಟ್ಟಿತು. ಅಂತರ-ಅಮೆರಿಕ ಅಭಿವೃದ್ಧಿ ಬ್ಯಾಂಕ್ ಅದಕ್ಕಿಂತ ಹೆಚ್ಚೇ ಕೊಟ್ಟಿತ್ತು. ಆ ಸರ್ಕಾರ ತನ್ನ ಜನರನ್ನೇ ಕೊಲ್ಲುತ್ತಿದೆ ಎಂಬುದು ಆಗ ಗುಟ್ಟೇನಲ್ಲ. ಮಾನವ ಹಕ್ಕುಗಳ ಪ್ರಶ್ನೆ ಎದ್ದು 1977ರಲ್ಲೇ ಅಮೆರಿಕದ ಸೇನಾ ನೆರವಿನ ನಂಟು ಕಡಿದುಬಿದ್ದಿತ್ತು. ವಿಶ್ವಬ್ಯಾಂಕಿಗೆ ಮಾತ್ರ ಅದ್ಯಾವುದೂ ಅಡ್ಡಬರಲಿಲ್ಲ. ಸಾಲ ಕೊಡುವಾಗ ದೇಶದ ರಾಜಕೀಯ ನೋಡಕೂಡದು, ಆರ್ಥಿಕ ಲೆಕ್ಕ ಮಾತ್ರ ನೋಡಬೇಕು ಎಂದು ಅದರ ನಿಯಮದಲ್ಲೇ ಬರೆದಿದೆಯಂತೆ. ಹೆಣ ಬೀಳುವುದು ರಾಜಕೀಯವೇ? ಹಾಗೆಂದು ಯಾವ ತಾಯಿಯ ಮುಂದೆ ನಿಂತು ಹೇಳುತ್ತಾರೆ?

ಆ ನದಿಯ ದಡದಲ್ಲಿ ರಿಯೋ ನೆಗ್ರೊ ಎಂಬ ಊರಿತ್ತು. ಮಾಯಾ ಆಚಿ ಜನರ ಊರು. ಹೊಳೆದಂಡೆಯ ಫಲವತ್ತಾದ ಮಣ್ಣಿನಲ್ಲಿ ಜೋಳ ಬೆಳೆದು, ಗರಿಯ ಚಾಪೆ ಹೆಣೆದು, ಅದನ್ನು ಸಂತೆಗೆ ಹೊತ್ತು ಮಾರಿ ಬದುಕಿದವರು. ಹತ್ತಿರದ ಕವಿನಾಲ್‌ನಲ್ಲಿ ಅವರ ಪೂರ್ವಿಕರು ಕಟ್ಟಿದ ಗುಡಿಗಳ ಅವಶೇಷಗಳಿದ್ದವು. ಒಂದು ದಿನ ವಿದ್ಯುತ್ ಇಲಾಖೆಯವರು ಬಂದು, ಈ ಕಣಿವೆಯೆಲ್ಲ ಮುಳುಗಡೆ, ಎದ್ದು ಹೋಗಿ ಎಂದರು. ಹೊಸ ಊರೆಂದು ತೋರಿಸಿದ ಪಕುಶ್‌ನಲ್ಲಿ ಸಾಲುಸಾಲು ಇಕ್ಕಟ್ಟಾದ ಮನೆಗಳು, ಉಳಲು ಯೋಗ್ಯವಲ್ಲದ ನೆಲ. ಮೊದಲು ಕೊಟ್ಟ ಮಾತು ನಡೆಸಿ, ಆಮೇಲೆ ಹೋಗುತ್ತೇವೆ ಎಂದರು ಊರವರು. ಅಷ್ಟೇ ಅವರ ಅಪರಾಧ.

ಆ ಮಾತುಗಳನ್ನೆಲ್ಲ ಬರೆದಿಟ್ಟ ನಡಾವಳಿ ಪುಸ್ತಕ ಊರಿನ ಬಳಿ ಇತ್ತು. 1980ರ ಜುಲೈನಲ್ಲಿ ಊರಿನ ಇಬ್ಬರು ಮುಖಂಡರು ಅದನ್ನು ಹಿಡಿದುಕೊಂಡು ಅಧಿಕಾರಿಗಳ ಭೇಟಿಗೆ ಹೊರಟರು. ಕೆಲವು ದಿನಗಳ ಮೇಲೆ ಇಬ್ಬರ ಹೆಣ ಸಿಕ್ಕಿತು. ಪುಸ್ತಕ ಸಿಗಲಿಲ್ಲ.

ನಂತರ ಸೇನೆಯವರು ಊರವರ ಮೇಲೆ ಬಂಡುಕೋರರೆಂಬ ಹಣೆಪಟ್ಟಿ ಹಚ್ಚಿದರು. 1982ರ ಫೆಬ್ರುವರಿಯಲ್ಲಿ ಪಕ್ಕದ ಶೊಕೊಕ್‌ಗೆ ಕರೆಸಿಕೊಂಡು ಎಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಂದರು. ಮಾರ್ಚ್ 13ರಂದು ಸೈನಿಕರೂ ಸೇನೆಯೇ ಕಟ್ಟಿದ್ದ ಶೊಕೊಕ್‌ನ ಗಸ್ತುಪಡೆಯವರೂ ಊರಿಗೇ ನುಗ್ಗಿದರು. ಗಂಡಸರು ಗುಡ್ಡ ಸೇರಿದ್ದರು. ಹೆಂಗಸರನ್ನು, ಮಕ್ಕಳನ್ನು ಬೆಟ್ಟದ ದಾರಿಯಲ್ಲಿ ಹೊಡೆದಟ್ಟಿಕೊಂಡು ಪಕೋಶೋಮ್ ಎಂಬ ಎತ್ತರಕ್ಕೆ ಒಯ್ದರು. ಅಲ್ಲಿ 70 ಹೆಂಗಸರನ್ನೂ 107 ಮಕ್ಕಳನ್ನೂ ಕೊಂದರು. 107 ಮಕ್ಕಳು. ಉಳಿಸಿದ 18 ಮಕ್ಕಳನ್ನು ಶೊಕೊಕ್‌ಗೆ ಎಳೆದೊಯ್ದು, ತಾಯಂದಿರನ್ನು ಕೊಂದವರ ಮನೆಗಳಲ್ಲೇ ಚಾಕರಿಗೆ ಇಟ್ಟುಕೊಂಡರು. ವರ್ಷ ಮುಗಿಯುವ ಹೊತ್ತಿಗೆ ಊರಿನ 400ಕ್ಕೂ ಹೆಚ್ಚು ಜನ ಇರಲಿಲ್ಲ. 1983ರಲ್ಲಿ ಕಣಿವೆಗೆ ನೀರು ತುಂಬಿತು. ಹೊಲ, ಮನೆ, ಗುಡಿ ಎಲ್ಲ ತಳ ಸೇರಿದವು.

ಇಷ್ಟೆಲ್ಲ ಆದಮೇಲೆ, 1985ರಲ್ಲಿ, ಅದೇ ಯೋಜನೆಗೆ ವಿಶ್ವಬ್ಯಾಂಕ್ ಮತ್ತೆ 4 ಕೋಟಿಗೂ ಹೆಚ್ಚು ಡಾಲರ್ ಕೊಟ್ಟಿತು. ನನ್ನ ಹೊಟ್ಟೆ ಉರಿಯುವುದು ಇಲ್ಲಿ. ಮೊದಲ ಸಾಲ ಕೊಡುವಾಗ ಕಣ್ಣು ಮುಚ್ಚಿಕೊಂಡಿದ್ದರು ಎನ್ನೋಣ. ಎರಡನೆಯ ಸಲ? ಒಂದು ಊರೇ ಅಳಿದುಹೋಗಿತ್ತು. ಪುನರ್ವಸತಿ ಪಟ್ಟಿಯಲ್ಲಿದ್ದ ಮನುಷ್ಯರು ಎಲ್ಲಿ ಎಂದು ಕೇಳಿದ್ದರೆ ಸಾಕಿತ್ತು.

ಬಾಗಲಕೋಟೆಯ ಕಡೆಯವರಿಗೆ ಮುಳುಗಡೆ ಎಂಬ ಮಾತಿನ ತೂಕವನ್ನು ನಾನು ಹೇಳಿಕೊಡಬೇಕಿಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಗೂ ಇದೇ ಬ್ಯಾಂಕಿನ ಸಾಲವಿತ್ತು. ಸಂತ್ರಸ್ತರ ಪುನರ್ವಸತಿ ಸರಿಯಿಲ್ಲವೆಂದು 90ರ ದಶಕದಲ್ಲಿ ಬ್ಯಾಂಕ್ ಹಣ ತಡೆಹಿಡಿಯಿತು. ಅಂದಮೇಲೆ ತಡೆಯುವ ಅಧಿಕಾರ ಅದರ ಕೈಯಲ್ಲಿತ್ತು. ಚಿಶೋಯ್‌ನಲ್ಲಿ ಆ ಕೈ ಮೇಲೇಳಲಿಲ್ಲ.

ಇದು ಒಂದು ದೇಶದಲ್ಲಿ ತಪ್ಪಿ ನಡೆದ ಕಥೆಯಲ್ಲ. ಜೈರ್‌ನ (ಇಂದಿನ ಕಾಂಗೋದ) ಕೇಂದ್ರ ಬ್ಯಾಂಕನ್ನು ಸರಿಪಡಿಸಲು ಹೋಗಿದ್ದ ಜರ್ಮನಿಯ ಎರ್ವಿನ್ ಬ್ಲೂಮೆಂಥಾಲ್, ಅಲ್ಲಿನ ಸರ್ವಾಧಿಕಾರಿ ಮೊಬುಟು ಮತ್ತವನ ಬಳಗ ಖಜಾನೆ ಬಳಿಯುತ್ತಿದೆ, ಕೊಟ್ಟ ಸಾಲ ವಾಪಸು ಬರುವ ಆಸೆ ಬಿಡಿ ಎಂದು 1982ರಲ್ಲಿ ವರದಿ ಬರೆದ. ಅದಾದ ಮೇಲೂ ಅಂತರರಾಷ್ಟ್ರೀಯ ಹಣಕಾಸು ನಿಧಿ ಕೊಡುತ್ತಲೇ ಹೋಯಿತು. ತಿಂದವನು ಮೊಬುಟು. ಸಾಲದ ಹೊರೆ ಬಿದ್ದದ್ದು ಕಾಂಗೋದ ಬಡವರ ತಲೆಯ ಮೇಲೆ.

ರಿಯೋ ನೆಗ್ರೊದಲ್ಲಿ ಉಳಿದವರು ಸುಮ್ಮನೆ ಕೂರಲಿಲ್ಲ. ಹೂತ ಮೂಳೆಗಳನ್ನು ತೆಗೆಸಿದರು, ಸಾಕ್ಷಿ ಹೇಳಿದರು. 1999ರಲ್ಲಿ ಸತ್ಯಶೋಧನಾ ಆಯೋಗ ಆಚಿ ಜನರ ಮೇಲೆ ನಡೆದದ್ದು ನರಮೇಧ ಎಂದಿತು. 2012ರಲ್ಲಿ ಅಂತರ-ಅಮೆರಿಕ ಮಾನವ ಹಕ್ಕುಗಳ ನ್ಯಾಯಾಲಯ ಗ್ವಾಟೆಮಾಲಾ ಸರ್ಕಾರವನ್ನು ಹೊಣೆ ಮಾಡಿತು. 2014ರ ನವೆಂಬರ್‌ನಲ್ಲಿ ಅಧ್ಯಕ್ಷ ಒಟ್ಟೊ ಪೆರೆಸ್ ಮೊಲಿನಾ ಕ್ಷಮೆ ಕೇಳಿ, ಅಣೆಕಟ್ಟಿನಿಂದ ನೊಂದ ಊರುಗಳಿಗೆ 15.45 ಕೋಟಿ ಡಾಲರ್ ಪರಿಹಾರ ಕೊಡುವುದಾಗಿ ಒಪ್ಪಿದ. ಸ್ವತಃ ಮಾಜಿ ಜನರಲ್. ಮುಂದಿನ ವರ್ಷವೇ ಸುಂಕದ ಇಲಾಖೆಯ ಲಂಚದ ಹಗರಣದಲ್ಲಿ ಸಿಕ್ಕಿ ರಾಜೀನಾಮೆ ಕೊಟ್ಟು ಜೈಲು ಸೇರಿದ.

ಆ ಪರಿಹಾರ ಯಾರ ದುಡ್ಡು? ಗ್ವಾಟೆಮಾಲಾದ ಬೊಕ್ಕಸದ್ದು. ಅಲ್ಲಿನ ಕೂಲಿಕಾರ ಉಪ್ಪು, ಸೋಪು ಕೊಳ್ಳುವಾಗ ತೆತ್ತ ತೆರಿಗೆಯದು. ಸಾಲವೂ ಅದೇ ಬೊಕ್ಕಸದ ತಲೆಗೆ, ಬಡ್ಡಿಯೂ ಅದೇ ತಲೆಗೆ, ಪರಿಹಾರವೂ ಅದೇ ತಲೆಗೆ. ಎರಡೂ ಬ್ಯಾಂಕುಗಳು ಆ ಪರಿಹಾರದಲ್ಲಿ ಪಾಲು ಹಾಕಲಿಲ್ಲ. ಇದನ್ನು ನೆರವು ಎಂದು ಕರೆಯಲು ನಾನು ಒಪ್ಪುವುದಿಲ್ಲ.

ಆಚಿ ಜನರ ಪುಸ್ತಕ ಕೊಲೆಯಾದವರೊಂದಿಗೇ ಮಾಯವಾಯಿತು. ವಾಷಿಂಗ್ಟನ್ನಿನಲ್ಲಿರುವ ಆ ಬ್ಯಾಂಕುಗಳ ಲೆಕ್ಕದ ಪುಸ್ತಕಗಳು ಭದ್ರವಾಗಿವೆ. ಯಾವ ತಾರೀಖಿನಲ್ಲಿ ಯಾವ ಕಂತು ಹೋಯಿತು, ಎಷ್ಟು ಬಡ್ಡಿ ಬಂತು ಎಂಬುದೆಲ್ಲ ಅವುಗಳಲ್ಲಿದೆ. ಅವನ್ನು ಪಕುಶ್‌ನ ಮನೆಗಳಲ್ಲಿ ನೆಲೆಸಿದ ರಿಯೋ ನೆಗ್ರೊ ಜನರ ಮುಂದೆ ಬಿಚ್ಚಿಡಿ. 1982ರ ಮಾರ್ಚ್ 13ರ ನಂತರ ಚಿಶೋಯ್ ಹೆಸರಿನಲ್ಲಿ ಪಡೆದ ಬಡ್ಡಿಯನ್ನು, ಪೈಸೆ ಬಿಡದೆ, ಅವರಿಗೆ ಹಿಂದಿರುಗಿಸಿ.