ಪ್ರೆಸ್ಸಿಗೊಂದು ಜಾತಕ, ಕಂಪನಿಗೊಂದು ಜಾತಕ

ಮೊನ್ನೆ ಶನಿವಾರ ನಮ್ಮ ಪಕ್ಕದ ಬೀದಿಯಲ್ಲೊಂದು ಗರಾಜ್ ಸೇಲ್. ಅಮೆರಿಕಕ್ಕೆ ಬಂದ ಮೇಲೆ ಅಂಟಿಕೊಂಡ ಚಟ ಇದು, ಬೋರ್ಡ್ ಕಂಡ್ರೆ ಕಾರು ತಾನಾಗೇ ನಿಲ್ಲುತ್ತೆ :-) ಮೇಜಿನ ಮೇಲೆ ಹಸಿರು ಬಣ್ಣದ, ಎರಕದ ಕಬ್ಬಿಣದ ಆರ್‌ಸಿಬಿಎಸ್ ಪ್ರೆಸ್. ಕುತ್ತಿಗೆಗೆ ಚೀಟಿ: 1943ರ ಆ್ಯಂಟಿಕ್, 300 ಡಾಲರ್.

ಗೊತ್ತಿಲ್ಲದವರಿಗೆ ಹೇಳ್ತೀನಿ. ಹಾರಿಸಿದ ತೋಟೆಯ ಹಿತ್ತಾಳೆ ಚಿಪ್ಪನ್ನ ಬಿಸಾಡದೆ ಮತ್ತೆ ಅಳತೆಗೆ ಒತ್ತಿ, ಹಳೇ ಪ್ರೈಮರ್ ಕಿತ್ತು ಹೊಸದು ಕೂರಿಸಿ, ಮದ್ದು ಹಾಕಿದ ಮೇಲೆ ಬಾಯಿಗೆ ಗುಂಡು ಕೂರಿಸೋ ಕೈಯಂತ್ರ ಇದು. ಇಲ್ಲಿ ಬೇಟೆಯವರು, ಗುರಿ ಹೊಡೆಯೋರು ಈ ಕೆಲಸ ಮನೆಯಲ್ಲೇ ಮಾಡ್ಕೋತಾರೆ.

"1943 ಹೇಗೆ ಗೊತ್ತಾಯ್ತು?" ಅಂದೆ. ಕಂಪನಿ ಶುರುವಾಗಿದ್ದು ಆ ವರ್ಷವಂತೆ!

ಅಲ್ಲಾ ಸ್ವಾಮಿ, ಎಚ್‌ಎಂಟಿ ಹುಟ್ಟಿದ್ದು 1953ರಲ್ಲಿ. ಹಾಗಂತ ಅಪ್ಪನ ಕೈಗಡಿಯಾರ 1953ರದ್ದು ಅಂತೀರಾ? ಎಚ್‌ಎಂಟಿ ವಾಚು ಮಾಡೋಕೆ ಶುರುಮಾಡಿದ್ದೇ 1961ರಲ್ಲಿ. ಇದೂ ಹಾಗೇ. 1943ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ ಫ್ರೆಡ್ ಹಂಟಿಂಗ್ಟನ್ ಶುರುಮಾಡಿದ್ದು ಗುಂಡುಗಳನ್ನ ಒತ್ತಿ ರೂಪಿಸೋ ಅಚ್ಚುಗಳಿಂದ. ಆರ್‌ಸಿಬಿಎಸ್ ಅಂದ್ರೇನೇ ರಾಕ್ ಚಕ್ ಬುಲೆಟ್ ಸ್ವೇಜ್. ರಾಕ್ ಚಕ್ ಅನ್ನೋದು ಅಲ್ಲಿನ ಬೆಟ್ಟದ ಒಂದು ದಪ್ಪ ಅಳಿಲಿನ ಜಾತಿ, ಪಾಪ ಅದನ್ನ ಹೊಡೆಯೋಕೆ ಮಾಡಿದ ಗುಂಡು.

ಉತ್ತರ ಅಲ್ಲೇ ಪೆಟ್ಟಿಗೆ ಮೇಲಿತ್ತು. ವಿಳಾಸದಲ್ಲಿ ಜಿಪ್ ಕೋಡ್ ಇತ್ತು, ಅದು ಬಂದಿದ್ದು 1963ರಲ್ಲಿ. ಪಟ್ಟೆಪಟ್ಟೆ ಬಾರ್‌ಕೋಡ್ ಇತ್ತು, ಅಂಗಡಿಯಲ್ಲಿ ಅದನ್ನ ಮೊದಲು ಓದಿದ್ದು 1974ರಲ್ಲಿ. ಕೆಳಗೆ ಬ್ಲೌಂಟ್ ಅಂತ ಹೆಸರು. ಹಂಟಿಂಗ್ಟನ್ ಕಂಪನಿಯನ್ನ 1976ರಲ್ಲಿ ಓಮಾರ್ಕ್‌ಗೆ ಮಾರಿದ್ದು, ಓಮಾರ್ಕನ್ನ ಬ್ಲೌಂಟ್ ಕೊಂಡಿದ್ದು 1985ರಲ್ಲಿ. ಅಲ್ಲಿಗೆ ಪೆಟ್ಟಿಗೆ 1985ಕ್ಕಿಂತ ಹಿಂದಿನದಲ್ಲ. 2001ರಲ್ಲಿ ಅದು ಎಟಿಕೆ ಪಾಲಾಯ್ತು, ಆದ್ದರಿಂದ ಅದಕ್ಕಿಂತ ಬಹಳ ಈಚಿನದೂ ಅಲ್ಲ. ಪೆಟ್ಟಿಗೆ ಬೇರೆ ಪ್ರೆಸ್ಸಿನದಿರಬಹುದಲ್ಲ ಅಂತ ನೀವು ಕೇಳ್ತೀರಿ, ಕೇಳಬೇಕು. ಅದಕ್ಕೇ ಒಳಗಿದ್ದ ಹಾಳೆಯ ಬಿಡಿಭಾಗಗಳ ಚಿತ್ರವನ್ನ ಒಂದೊಂದಾಗಿ ಹೋಲಿಸಿದೆ. ಹಿಡಿ, ಕೊಂಡಿ, ಪ್ರೈಮರ್ ತೋಳು, ಎಲ್ಲಾ ಸರಿಹೊಂದಿತು.

ಅಷ್ಟರಲ್ಲಿ ಇನ್ನೊಬ್ಬ ಪಂಡಿತ ಬಂದ. ಡೈ ಮೇಲೆ 78 ಅಂತ ಕೊರೆದಿದೆ, ಆದ್ದರಿಂದ ಪ್ರೆಸ್ 1978ರದ್ದು ಅಂತ ತೀರ್ಪು! ಈ ಕಂಪನಿ ಡೈಗಳ ಮೇಲೆ ಇಸವಿಯ ಎರಡು ಅಂಕಿ ಕೊರೆಯೋದು ನಿಜ. ಆದ್ರೆ ಡೈಗಳ ತಿರುಪು ಎಲ್ಲಾ ಕಂಪನಿಯದೂ ಸಾಮಾನ್ಯವಾಗಿ ಒಂದೇ ಅಳತೆ, ಅಂಗುಲದ ಎಂಟನೇ ಏಳು ಭಾಗ ದಪ್ಪ, ಅಂಗುಲಕ್ಕೆ 14 ಸುತ್ತು. ಯಾರ ಡೈ ಯಾರ ಪ್ರೆಸ್ಸಿಗಾದ್ರೂ ಕೂರುತ್ತೆ. ಬಾಡಿಗೆಗೆ ಬಂದವನ ವಯಸ್ಸು ನೋಡಿ ಮನೆ ಕಟ್ಟಿದ್ದು ಯಾವಾಗ ಅಂತ ಹೇಳ್ತಾರಾ? ಪೇಟೆಂಟ್ ನಂಬರ್ ಹಿಡ್ಕೊಂಡು ಕೂರೋರದ್ದೂ ಇದೇ ಕಥೆ. ಎರಕದ ಅಚ್ಚಿನಲ್ಲಿ ಒಮ್ಮೆ ಸೇರಿದ ನಂಬರ್ ವರ್ಷಗಟ್ಟಲೆ ಹಾಗೇ ಬರ್ತಿರುತ್ತೆ. ಅದಕ್ಕಿಂತ ಮುಂಚಿನದಲ್ಲ ಅಂತ ಹೇಳುತ್ತೆ, ಅಷ್ಟೇ.

ಹೋಗ್ಲಿ ಬಿಡಿ, ಮೋಸ ಹೋಗೋದು ದುಡ್ಡು ತಾನೇ ಅಂದ್ರೆ, ಅಲ್ಲ. ನನಗೆ ಸಿಟ್ಟು ಬಂದಿದ್ದು ಆಮೇಲೆ. ಪ್ರೆಸ್ ಕೊಳ್ಳೋಕೆ ನಿಂತಿದ್ದ ಒಬ್ಬ ಹುಡುಗನಿಗೆ, ಹೊಸಬ, ಒಡೆದ ಮದ್ದಿನ ಡಬ್ಬಿಯನ್ನೂ ಎಷ್ಟು ಮದ್ದು ಹಾಕಬೇಕು ಅಂತ ಕೈಯಲ್ಲಿ ಬರೆದ ಚೀಟಿಯನ್ನೂ "ಎಲ್ಲಾ ಒಂದೇ ಕಾಲದ್ದು, ಅಜ್ಜ ಬಳಸಿದ್ದು" ಅಂತ ಪುಕ್ಕಟೆ ಸೇರಿಸ್ತಿದ್ರು. ಕಬ್ಬಿಣಕ್ಕೆ ನಲವತ್ತು ವರ್ಷ ಲೆಕ್ಕಕ್ಕಿಲ್ಲ. ಮದ್ದು ಹಾಗಲ್ಲ, ಕೆಡುತ್ತೆ. ಮುಚ್ಚಳ ತೆಗೆದ್ರೆ ಮೂಗಿಗೆ ಹೊಡೆಯೋ ಹುಳಿ ಘಾಟು, ತುಕ್ಕಿನಂಥ ಕೆಂಪು ಪುಡಿ ಇದ್ರೆ ಅದರ ಕಥೆ ಮುಗೀತು ಅಂತ ಅರ್ಥ. ಯಾರೋ ಯಾವ ಕೋವಿಗೋ ಬರೆದಿಟ್ಟ ಲೆಕ್ಕ ಇನ್ನೊಬ್ಬರ ಕೋವಿಯನ್ನ ಮುಖದೆದುರೇ ಸಿಡಿಸಬಹುದು. ಅದಕ್ಕೆ ಮದ್ದು ತಯಾರಿಸೋರ ಈಗಿನ ಪುಸ್ತಕವೇ ಆಗಬೇಕು. ಪ್ರೆಸ್ಸಿಗೊಂದು ವಯಸ್ಸು, ಡೈಗೊಂದು, ಡಬ್ಬಿಗೊಂದು, ಚೀಟಿಗೊಂದು. ಎಲ್ಲಕ್ಕೂ ಸೇರಿಸಿ 1943 ಅಂತ ಬರೆದವರಿಗೆ ಏನು ಹೇಳೋಣ?

ಮುಚ್ಚಳ ತೆಗೆದು ಹುಡುಗನಿಗೆ ಮೂಸು ಅಂದೆ. ಮೂಸಿದ, ಕೆಮ್ಮಿದ. ಪ್ರೆಸ್ ಮಾತ್ರ 90 ಡಾಲರಿಗೆ ಒಯ್ದ. ನಾನು ಸಂಜೆ ವಾಪಸ್ ಬರುವಾಗ ಡಬ್ಬಿ ಅಲ್ಲೇ ಬಿಸಿಲಲ್ಲಿ ಕೂತಿತ್ತು, ಪುಕ್ಕಟೆ ಅಂತ ಚೀಟಿ ಹಚ್ಚಿಕೊಂಡು.